ಒಂದು ಚೂರು ಕಳೆದರೆ ಊರೆಲ್ಲ ನೆಂಟರು!

ಒಂದು ಮಗುವನ್ನು ಕಣ್ಮುಂದೆ ತಂದುಕೊಳ್ಳಿ. ಆರು ವರ್ಷ. ತಿಪಟೂರು ಬಸ್ ಸ್ಟ್ಯಾಂಡು. ಅಮ್ಮನ ಕೈ ಕೊಸರಿಕೊಂಡು ಓಡುತ್ತದೆ. ಎಲ್ಲಿಗೆ ಹೇಳಿ? ಐಸ್‌ಕ್ರೀಮ್ ಗಾಡಿಗಲ್ಲ, ಆಟಿಕೆ ಅಂಗಡಿಗೂ ಅಲ್ಲ. ಬೆಂಚಿನ ಮೇಲೆ ಒಬ್ಬರೇ ಕೂತ, ಹಿಂದೆಂದೂ ಕಂಡಿರದ ಮುದುಕರೊಬ್ಬರ ಹತ್ತಿರಕ್ಕೆ!

"ತಾತ, ಯಾವೂರು? ಊಟ ಆಯ್ತಾ? ಯಾಕೆ ಸಪ್ಪಗಿದ್ದೀಯ?"

ಮೂರೇ ಮೂರು ಪ್ರಶ್ನೆ. ತಾತನ ಮುಖ ಅರಳಿಬಿಡುತ್ತದೆ!

ಇಂಥ ಮಗು ನಿಮ್ಮ ಬೀದಿಯಲ್ಲೂ ಇರಬಹುದು. ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರನ್ನೂ ತಾನಾಗಿ ಮಾತಾಡಿಸುವ ಮಗು. "ಬಲು ಮಾತುಗಾರ" ಅಂತೀವಿ. "ಯಾರ ಹತ್ರ ಬೇಕಾದ್ರೂ ಹೋಗ್ತಾಳೆ" ಅಂತೀವಿ. ಬಹುಪಾಲು ಮಕ್ಕಳ ಮಟ್ಟಿಗೆ ಅಷ್ಟೇ ವಿಷಯ; ಅದು ಅವರ ಸ್ವಭಾವ, ಅವರ ಚೆಲುವು.

ಆದರೆ ಕೆಲವೇ ಕೆಲವು ಮಕ್ಕಳಲ್ಲಿ ಈ ಅಕ್ಕರೆಯ ಜೊತೆಗೆ ಇನ್ನೂ ಹತ್ತಾರು ಗುರುತುಗಳು ಬಂದಿರುತ್ತವೆ. ಹೃದಯದಲ್ಲಿ ಒಂದು ಸದ್ದು. ಗಡಸು ದನಿ. ಬಿಡಿಬಿಡಿಯಾದ ಪುಟ್ಟ ಹಲ್ಲು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಟ. ಮೆಟ್ಟಿಲು ಇಳಿಯಲು ಭಯ. ಹಾಡು ಕೇಳಿದರೆ ಮೈಯೆಲ್ಲ ಕಿವಿ. ಇವೆಲ್ಲ ಬೇರೆ ಬೇರೆ ಸಂಗತಿ ಅಂದುಕೊಂಡಿರಾ?

ಎಲ್ಲಕ್ಕೂ ಮೂಲ ಒಂದೇ! ಕಣ್ಣಿಗೆ ಕಾಣದ, ಸೂಕ್ಷ್ಮದರ್ಶಕದಲ್ಲೂ ಸುಲಭಕ್ಕೆ ಸಿಗದ ಒಂದು ಚೂರು, ಏಳನೇ ಕ್ರೋಮೋಸೋಮಿನಿಂದ ಕಳೆದುಹೋಗಿದೆ. ಅಷ್ಟೇ!

ಇದಕ್ಕೆ ವೈದ್ಯರು ಕೊಟ್ಟ ಹೆಸರು ವಿಲಿಯಮ್ಸ್ ಸಿಂಡ್ರೋಮ್. ಇದರ ಬಗ್ಗೆ ಓದಲು ಶುರುಮಾಡಿದ ಮೇಲೆ ನನಗೆ ಕೆಳಗಿಡಲು ಆಗಿಲ್ಲ. ನೀವೂ ಬನ್ನಿ.

ಆ ಚೂರು ಎಷ್ಟು ದೊಡ್ಡದು? ಊಹಿಸಿ!

ನಮ್ಮ ಒಂದೊಂದು ಜೀವಕೋಶದಲ್ಲೂ 23 ಜೊತೆ ಕ್ರೋಮೋಸೋಮುಗಳಿವೆ. ಅಪ್ಪನಿಂದ 23, ಅಮ್ಮನಿಂದ 23. ಅವುಗಳಲ್ಲಿ ಡಿಎನ್‌ಎಯ ಅಕ್ಷರಗಳು ಒಂದರ ಹಿಂದೆ ಒಂದು ಸಾಲುಗಟ್ಟಿವೆ. ಎರಡೂ ಕಡೆಯದು ಸೇರಿ ಒಟ್ಟು ಎಷ್ಟು ಅಕ್ಷರ? ಸುಮಾರು 620 ಕೋಟಿ! ಒಂದು ಕೋಶದೊಳಗೆ!

ಅದರಲ್ಲಿ ಕಾಣೆಯಾಗಿರುವುದು 15ರಿಂದ 18 ಲಕ್ಷ ಅಕ್ಷರ.

ನಮ್ಮ ಕಡೆಯವರಿಗೆ ತಿಳಿಯುವ ಹಾಗೆ ಹೇಳುತ್ತೇನೆ. ತೋಟದಲ್ಲಿ 4000 ಕಾಯಿ ಕೆಡವಿ ರಾಶಿ ಹಾಕಿದ್ದೀರಿ. ರಾತ್ರೋರಾತ್ರಿ ಅದರಿಂದ ಒಂದು ಕಾಯಿ ಹೋಗಿದೆ. ಬೆಳಗ್ಗೆ ಎದ್ದು ನೋಡಿದರೆ ಗೊತ್ತಾಗುತ್ತದೆಯೇ? ಸಾಧ್ಯವೇ ಇಲ್ಲ. ಆದರೆ ಮಗುವಿನ ಮೈಗೆ ಗೊತ್ತಾಗುತ್ತದೆ! ಹೃದಯಕ್ಕೆ ಗೊತ್ತಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ, ನಗುವಿಗೂ ಗೊತ್ತಾಗುತ್ತದೆ!

ಆ ಚೂರಿನಲ್ಲಿ ಇರುವ ಜೀನುಗಳೆಷ್ಟು? 26ರಿಂದ 28. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000. ಅದರಲ್ಲಿ ಬರೀ ಇಷ್ಟು! ಅದೂ ಪೂರ್ತಿ ಹೋಗಿಲ್ಲ. ಜೋಡಿಯಲ್ಲಿ ಒಂದು ಹೋಗಿದೆ, ಇನ್ನೊಂದು ಭದ್ರವಾಗಿದೆ. ಅರ್ಧ ಕಮ್ಮಿಯಾದದ್ದಕ್ಕೇ ಇಷ್ಟೆಲ್ಲ!

ಅಂದ ಹಾಗೆ, ನಮ್ಮ ತೆಂಗಿನ ಮರದಲ್ಲೂ ಕ್ರೋಮೋಸೋಮುಗಳಿವೆ. 16 ಜೊತೆ. ಒಂದು ಕಡೆಯದರ ಅಕ್ಷರಗಳು ಸುಮಾರು 240 ಕೋಟಿ. ಮನುಷ್ಯನದು 310 ಕೋಟಿ. ತಿಪಟೂರು ತೋಟದ ಮರಕ್ಕೂ ಅದರ ಯಜಮಾನನಿಗೂ ಅಂತರ ಅಷ್ಟೇನೂ ಇಲ್ಲ! ಇದು ಮುಖ್ಯ ವಿಷಯಕ್ಕೆ ಸೇರಿದ್ದಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಈಗ ಹೃದಯಕ್ಕೆ ಬರೋಣ. ಕಥೆ ಶುರುವಾದದ್ದೇ ಅಲ್ಲಿಂದ.

1961. ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿನ ಗ್ರೀನ್ ಲೇನ್ ಆಸ್ಪತ್ರೆ. ಜೆ.ಸಿ.ಪಿ. ವಿಲಿಯಮ್ಸ್ ಎಂಬ ವೈದ್ಯರು ಹೃದ್ರೋಗದ ಮಕ್ಕಳನ್ನು ನೋಡುತ್ತಿದ್ದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವವರು ಮುಖವನ್ನೂ ನೋಡಿದರು. ಬೆರಗಾದರು. ನಾಲ್ವರು ರೋಗಿಗಳು. ನಾಲ್ಕು ಬೇರೆ ಬೇರೆ ಮನೆ. ಮುಖ ಮಾತ್ರ ಒಬ್ಬರ ಹಾಗೆ ಇನ್ನೊಬ್ಬರದು! ಒಡಹುಟ್ಟಿದವರೇನೋ ಎಂಬಷ್ಟು ಹೋಲಿಕೆ! ಹೃದಯದ ತೊಂದರೆಯೂ ಒಂದೇ!

ಮರುವರ್ಷವೇ, 1962ರಲ್ಲಿ, ಜರ್ಮನಿಯ ಗಟಿಂಗೆನ್‌ನಲ್ಲಿ ಅಲೋಯಿಸ್ ಬೋಯ್ರೆನ್ ಎಂಬ ಇನ್ನೊಬ್ಬ ಹೃದ್ರೋಗ ತಜ್ಞರು ಇದೇ ಮುಖಗಳನ್ನು ಕಂಡರು. ಅದಕ್ಕೇ ಇಬ್ಬರ ಹೆಸರನ್ನೂ ಸೇರಿಸಿ ಕರೆಯುವವರಿದ್ದಾರೆ.

ವಿಲಿಯಮ್ಸ್ ಆಮೇಲೆ ಏನಾದರು ಗೊತ್ತೇ? ನಾಪತ್ತೆ! ಕೆಲಸ ಬಿಟ್ಟು ಯುರೋಪಿಗೆ ಹೋದವರು ಊರಿಗೆ ಮರಳಲೇ ಇಲ್ಲ. ಕೊನೆಗೆ 1988ರಲ್ಲಿ ನ್ಯೂಜಿಲೆಂಡಿನ ಹೈಕೋರ್ಟು, 1978ರಿಂದಾಚೆಗೆ ಅವರನ್ನು ಕಾಣೆಯಾದವರು, ತೀರಿಕೊಂಡಿರಬಹುದಾದವರು ಎಂದು ಘೋಷಿಸಿತು. ಜಗತ್ತಿನ ವೈದ್ಯರೆಲ್ಲ ದಿನವೂ ಹೇಳುವ ಹೆಸರು. ಆ ಹೆಸರಿನ ಮನುಷ್ಯನೇ ಕಾಣೆ!

ಅವರು ಕೇಳಿಸಿಕೊಂಡ ಆ ಸದ್ದು ಏನು? ಹೃದಯದಿಂದ ರಕ್ತ ಹೊತ್ತು ಹೊರಡುವ ದೊಡ್ಡ ಕೊಳವೆ ಇದೆಯಲ್ಲ, ಮಹಾಪಧಮನಿ. ಅದು ಹೊರಡುವಾಗಲೇ, ಕವಾಟದ ಸ್ವಲ್ಪ ಮೇಲೆ, ಸೊಂಟ ಬಿಗಿದಂತೆ ಕಿರಿದಾಗಿರುತ್ತದೆ. ರಕ್ತ ಅಲ್ಲಿ ನುಗ್ಗುವಾಗ 'ಶುಶ್' ಎಂದು ಸದ್ದಾಗುತ್ತದೆ. ಈ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಈ ತೊಂದರೆ.

ಯಾಕೆ ಕಿರಿದಾಯಿತು? ಉತ್ತರ ಸಿಗಲು ಮೂವತ್ತು ವರ್ಷ ಬೇಕಾಯಿತು. 1993ರಲ್ಲಿ ಅಮೆರಿಕದ ವಿಜ್ಞಾನಿಗಳು ಕಳೆದುಹೋದ ಜೀನನ್ನು ಹಿಡಿದರು. ಅದೇ ಇಲಾಸ್ಟಿನ್! ರಕ್ತನಾಳಕ್ಕೆ ಹಿಗ್ಗಿ ಕುಗ್ಗುವ ಗುಣ ಕೊಡುವ ಪ್ರೋಟೀನು. ಅದು ಅರ್ಧವಾದರೆ ನಾಳದ ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ.

ಇಲ್ಲಿ ನಿಲ್ಲಬೇಡಿ! ಇಲಾಸ್ಟಿನ್ ಹೃದಯದಲ್ಲಿ ಮಾತ್ರ ಇರುವುದಿಲ್ಲ. ಗಂಟಲಿನ ತಂತುಗಳಲ್ಲಿದೆ. ಅದಕ್ಕೇ ಗಡಸು ದನಿ! ಹೊಟ್ಟೆಯ ಗೋಡೆಯಲ್ಲಿದೆ. ಅದಕ್ಕೇ ಹೊಕ್ಕುಳ ಉಬ್ಬುವುದು, ತೊಡೆಸಂದಿಯ ಹರ್ನಿಯಾ! ಕೀಲುಗಳಲ್ಲಿದೆ, ಚರ್ಮದಲ್ಲಿದೆ. ಅದಕ್ಕೇ ಸಡಿಲ ಕೀಲು, ಮೆತ್ತನೆ ಚರ್ಮ! ಮೂರು ಬೇರೆ ಬೇರೆ ವೈದ್ಯರ ಬಳಿ ಹೋಗುವ ಮೂರು ತೊಂದರೆಗಳು. ಬೇರು ಒಂದೇ ಜೀನಿನಲ್ಲಿ!

ಹಾಲು ಕುಡಿಯುವ ಕೂಸಿನಲ್ಲೇ ಗುರುತು ಸಿಗುತ್ತದೆಯೇ? ಸಿಗುತ್ತದೆ, ಹುಡುಕುವವರು ಬೇಕು. ಹುಟ್ಟಿದಾಗ ತೂಕ ಕಡಿಮೆ. ಹಾಲು ಹಿಡಿಯುವುದಿಲ್ಲ, ಕುಡಿದದ್ದು ವಾಂತಿ. ತಿಂಗಳುಗಟ್ಟಲೆ ಹೊಟ್ಟೆನೋವಿನ ಅಳು. ಮಲಬದ್ಧತೆ. ರಾತ್ರಿ ನಿದ್ದೆಯಿಲ್ಲ. ಮೈ ಮೆತ್ತಗೆ, ಕತ್ತು ನಿಲ್ಲುವುದು ತಡ, ನಡೆಯುವುದು ತಡ, ಮಾತೂ ತಡ.

ಹೌದು, ಮಾತು ತಡ! ಮುಂದೆ ಊರಿಗೇ ಮಾತುಗಾರನಾಗುವ ಮಗು ಮೊದಮೊದಲು ಮಾತೇ ಆಡುವುದಿಲ್ಲ!

ಕೆಲವು ಕೂಸುಗಳಲ್ಲಿ ಇನ್ನೊಂದು ವಿಚಿತ್ರ. ರಕ್ತದಲ್ಲಿ ಕ್ಯಾಲ್ಸಿಯಂ ಏರಿರುತ್ತದೆ! ಸಪ್ಪೆಯಾದ, ಬೆಳೆಯದ ಮಗು ಎಂದರೆ ನಮ್ಮಲ್ಲಿ ಏನು ಮಾಡುತ್ತಾರೆ? ಕ್ಯಾಲ್ಸಿಯಂ ಸಿರಪ್ಪು, ವಿಟಮಿನ್ ಡಿ ಹನಿ. ಬೇರೆ ಮಕ್ಕಳಿಗೆ ಅದು ಒಳ್ಳೆಯದೇ. ಈ ಮಗುವಿಗೆ ರಕ್ತ ಪರೀಕ್ಷೆ ಮಾಡದೆ ಕೊಟ್ಟರೆ ಬೆಂಕಿಗೆ ತುಪ್ಪ! ಈ ಒಂದು ಸಾಲನ್ನಾದರೂ ನೆನಪಿಟ್ಟುಕೊಳ್ಳಿ ಎಂದು ಕೇಳುತ್ತೇನೆ.

ಮುಖ ನೋಡೋಣ. ಅಗಲ ಹಣೆ. ಕಣ್ಣಿನ ಸುತ್ತ ತುಸು ಊತ. ತುದಿ ಮೇಲೆದ್ದ ಪುಟ್ಟ ಮೂಗು. ಮೂಗಿಗೂ ತುಟಿಗೂ ನಡುವೆ ಉದ್ದ ಜಾಗ. ತುಂಬಿದ ಕೆನ್ನೆ. ಅಗಲ ಬಾಯಿ, ದಪ್ಪ ತುಟಿ. ಸಂದು ಬಿಟ್ಟ ಪುಟಾಣಿ ಹಲ್ಲುಗಳು. ಕೆಲವರಿಗೆ ಮೆಳ್ಳಗಣ್ಣು. ಒಂದೊಂದನ್ನೇ ನೋಡಿದರೆ ಯಾವುದೂ ವಿಶೇಷವಲ್ಲ. ಒಟ್ಟಿಗೆ ಬಂದಾಗ ಪಳಗಿದ ವೈದ್ಯರು ಕೋಣೆಯ ಬಾಗಿಲಲ್ಲೇ ಗುರುತಿಸುತ್ತಾರೆ.

ಕಣ್ಣಿನ ಬಗ್ಗೆ ಒಂದು ಮಾತು. ಪಾಶ್ಚಾತ್ಯ ಪುಸ್ತಕಗಳು ಈ ಮಕ್ಕಳ ಕಣ್ಣಲ್ಲಿ ನಕ್ಷತ್ರ ಹುಡುಕಿ ಎನ್ನುತ್ತವೆ. ಪಾಪೆಯ ಸುತ್ತಲಿನ ಬಣ್ಣದ ಉಂಗುರದಲ್ಲಿ ಬಿಳಿ ಎಳೆಗಳು ಕಿರಣದಂತೆ ಚಾಚಿರುತ್ತವೆ. ನೀಲಿ ಕಣ್ಣು, ಹಸಿರು ಕಣ್ಣಿನಲ್ಲಿ ಅದು ಮಿಂಚುತ್ತದೆ! ನಮ್ಮ ಮಕ್ಕಳ ಕಂದು ಕಣ್ಣಿನಲ್ಲಿ? ಸುಲಭಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಪುಸ್ತಕ ನೋಡಿ, ನಕ್ಷತ್ರ ಇಲ್ಲವೆಂದು ತಳ್ಳಿಹಾಕುವ ಹಾಗಿಲ್ಲ. ತುರುವೇಕೆರೆಯ ಮಗುವನ್ನು ತುರುವೇಕೆರೆಯ ಕಣ್ಣಿನಿಂದಲೇ ನೋಡಬೇಕು.

ಈಗ ಕಿವಿ. ಇಲ್ಲಿಂದ ನಿಜವಾದ ಬೆರಗು!

ಈ ಮಕ್ಕಳಲ್ಲಿ ಬಹುಪಾಲು ಮಂದಿಗೆ ಸದ್ದು ಎಂದರೆ ಸಂಕಟ. ಕುಕ್ಕರಿನ ವಿಷಲ್ಲು, ಪಟಾಕಿ, ಬಲೂನು ಒಡೆಯುವುದು, ಗುಡುಗು. ಬೇರೆಯವರಿಗೆ ಸಾಮಾನ್ಯವೆನಿಸುವ ಸದ್ದು ಇವರಿಗೆ ಚುಚ್ಚುತ್ತದೆ. ಅಟ್ಟದಿಂದ ಒಣಗಿದ ಕಾಯಿ ಸುರಿಯುವ ಸದ್ದು, ಮಚ್ಚಿನಿಂದ ಚಿಪ್ಪು ಒಡೆಯುವ ಸದ್ದು ದಿನವಿಡೀ ಇರುವ ನಮ್ಮ ಊರುಗಳಲ್ಲಿ ಇಂಥ ಮಗು ಒಳಕೋಣೆಯಲ್ಲಿ ಅವಿತು ಕೂತರೆ, ದಯವಿಟ್ಟು ಹೇಡಿ ಎನ್ನಬೇಡಿ!

ಸದ್ದಿಗೆ ಹೆದರುವ ಅದೇ ಕಿವಿ ಸದ್ದನ್ನು ಪ್ರೀತಿಸುತ್ತದೆ! ಎಷ್ಟು? ಯಂತ್ರಗಳನ್ನು ಅವುಗಳ ಸದ್ದಿನಿಂದಲೇ ಬೇರೆಬೇರೆಯಾಗಿ ಗುರುತಿಸುವವರನ್ನು ಸಂಶೋಧಕರು ಕಂಡಿದ್ದಾರೆ. ಹಾಡು ಶುರುವಾದರೆ ಕಣ್ಣೀರು ಹಾಕುತ್ತಾರೆ, ಕುಣಿಯುತ್ತಾರೆ, ಗಂಟೆಗಟ್ಟಲೆ ಕೂರುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1994ರಲ್ಲಿ ಇವರಿಗೆಂದೇ ಸಂಗೀತ ಶಿಬಿರ ನಡೆಯಿತು! ಕ್ಯಾಲಿಫೋರ್ನಿಯಾದ ಒಬ್ಬ ಗಾಯಕಿಗೆ ಇದೇ ಸಿಂಡ್ರೋಮ್. ಸರಳ ಲೆಕ್ಕ ಮಾಡಲು ತಡವರಿಸುವ ಆಕೆ ಹಾಡುವುದು ಎಷ್ಟು ಭಾಷೆಯಲ್ಲಿ? 25ಕ್ಕೂ ಹೆಚ್ಚು!

2012ರಲ್ಲಿ ಒಂದು ಸಣ್ಣ ಅಧ್ಯಯನ ಇನ್ನೂ ಒಳಗೆ ಇಣುಕಿತು. ರಕ್ತದಲ್ಲಿ ಆಕ್ಸಿಟೋಸಿನ್ ಅಳೆದರು. ಬಾಣಂತಿ ಮಗುವಿಗೆ ಹಾಲೂಡಿಸುವಾಗ ಉಕ್ಕುವ, ಮನುಷ್ಯರನ್ನು ಮನುಷ್ಯರಿಗೆ ಬೆಸೆಯುವ ಹಾರ್ಮೋನು ಅದು. ವಿಲಿಯಮ್ಸ್ ಇದ್ದವರಲ್ಲಿ ಅದರ ಮಟ್ಟ ಇತರರಿಗಿಂತ ಸುಮಾರು ಮೂರು ಪಟ್ಟು! ಹಾಡು ಕೇಳಿಸಿದರು. ಮತ್ತೂ ಏರಿತು!

ಈಗ ನಿಮಗೊಂದು ಸವಾಲು. ಒಂದು ಹಾಳೆ ತೆಗೆದುಕೊಳ್ಳಿ. ಪುಟ್ಟ ಪುಟ್ಟ 'ಗ' ಅಕ್ಷರಗಳನ್ನೇ ಸಾಲಾಗಿ ಜೋಡಿಸಿ ಒಂದು ದೊಡ್ಡ 'ರ' ಬರೆಯಿರಿ. ಮನೆಯ ಮಗುವಿಗೆ ತೋರಿಸಿ. "ನೋಡ್ಕೊಂಡು ಬರಿ" ಅನ್ನಿ. ಮಗು ಏನು ಮಾಡುತ್ತದೆ? ದೊಡ್ಡ 'ರ' ಆಕಾರದಲ್ಲಿ ಚಿಕ್ಕ 'ಗ'ಗಳನ್ನು ಬರೆಯುತ್ತದೆ. ಸುಲಭ!

ಅಮೆರಿಕದ ಸಾಕ್ ಸಂಸ್ಥೆಯಲ್ಲಿ ಉರ್ಸುಲಾ ಬೆಲುಗಿ ಎಂಬ ವಿಜ್ಞಾನಿ ಇಂಥದ್ದೇ ಪರೀಕ್ಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿದರು. ಸಣ್ಣ 'ವೈ'ಗಳಿಂದ ಕಟ್ಟಿದ ದೊಡ್ಡ 'ಡಿ'. ವಿಲಿಯಮ್ಸ್ ಇದ್ದವರು ಏನು ಬರೆದರು? ಹಾಳೆಯ ತುಂಬ ಚೆಲ್ಲಾಪಿಲ್ಲಿಯಾದ ಚಿಕ್ಕ ಚಿಕ್ಕ 'ವೈ'ಗಳು! 'ಡಿ' ಎಲ್ಲೂ ಇಲ್ಲ! ಡೌನ್ ಸಿಂಡ್ರೋಮ್ ಇದ್ದವರು? ಬರೀ 'ಡಿ'! 'ವೈ'ಗಳೇ ಇಲ್ಲ! ಒಬ್ಬರಿಗೆ ತುಣುಕು ಕಾಣುತ್ತದೆ, ಇನ್ನೊಬ್ಬರಿಗೆ ಇಡಿಯದು. ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ರೋಮಾಂಚನವಾಯಿತು.

ಬೆಲುಗಿ ಅವರ ಇನ್ನೊಂದು ಪ್ರಯೋಗವಂತೂ ವಿಜ್ಞಾನಲೋಕದಲ್ಲೇ ಪ್ರಸಿದ್ಧ. ವಿಲಿಯಮ್ಸ್ ಇದ್ದ ಹದಿನೆಂಟು ವರ್ಷದ ಹುಡುಗಿಗೆ ಆನೆಯ ಚಿತ್ರ ಬರೆಯಲು ಹೇಳಿದರು. ಗೀಚಿದ್ದನ್ನು ನೋಡಿದರೆ ಯಾವ ಪ್ರಾಣಿ ಎಂದೇ ತಿಳಿಯದು. ಕಾಲು ಒಂದು ಕಡೆ, ತಲೆ ಒಂದು ಕಡೆ. ಆಮೇಲೆ ಆನೆ ಎಂದರೇನು ಹೇಳು ಎಂದರು. ಶುರುವಾಯಿತು ನೋಡಿ! ಆನೆ ಎಲ್ಲಿರುತ್ತದೆ, ಏನು ಮಾಡುತ್ತದೆ, ಗಾಳಿಗೆ ಬೀಸುವ ಕಿವಿ, ಹುಲ್ಲು ಎತ್ತುವ ಸೊಂಡಿಲು, ಸಿಟ್ಟು ಬಂದಾಗಿನ ರೋಷ. ಕತೆಗಾರ್ತಿಯ ಮಾತು! ಆಕೆಯ ಬುದ್ಧಿಮತ್ತೆಯ ಅಂಕ ಎಷ್ಟಿತ್ತು? 49! ಸಾಮಾನ್ಯರ ಸರಾಸರಿ 100.

ಬುದ್ಧಿ ಎಂದರೆ ಒಂದೇ ಮುದ್ದೆ ಎಂದು ನಂಬಿದವರಿಗೆಲ್ಲ ಆ ಹುಡುಗಿ ಉತ್ತರ ಕೊಟ್ಟಳು.

ಕಣ್ಣು ಕಂಡ ತುಣುಕುಗಳನ್ನು ಜೋಡಿಸಲಾಗದ ಅದೇ ಕಾರಣಕ್ಕೆ ಮೆಟ್ಟಿಲೂ ಕಷ್ಟ. ಎಷ್ಟು ಆಳ, ಎಷ್ಟು ದೂರ ಎಂಬ ಅಂದಾಜು ಸಿಗುವುದಿಲ್ಲ. ಕಲ್ಯಾಣಿಯ ಮೆಟ್ಟಿಲು, ತೋಟದ ಬದು, ಕಾಲುವೆ ದಾಟುವ ಹಲಗೆ, ಇವುಗಳ ಮುಂದೆ ಮಗು ಕಲ್ಲಾಗಿ ನಿಂತುಬಿಡುತ್ತದೆ. ಶೂ ಲೇಸು ಕಟ್ಟಲು ಬಾರದು, ಗುಂಡಿ ಹಾಕಲು ಬಾರದು. ಆದರೆ ಹತ್ತು ವರ್ಷದ ಹಿಂದೆ ಮನೆಗೆ ಬಂದಿದ್ದ ನೆಂಟರ ಮುಖ? ಅದು ಮರೆಯುವುದಿಲ್ಲ!

ಮುಖ! ಈ ಮಕ್ಕಳ ಲೋಕದ ತುಂಬ ಮುಖಗಳೇ. ಕೂಸಾಗಿದ್ದಾಗಲೇ ಆಟಿಕೆ ಬಿಟ್ಟು ಮುಖವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತವೆ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಲಿಯಮ್ಸ್ ಇದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಭಯ ಹುಟ್ಟುವ ಬಾದಾಮಿ ಗಾತ್ರದ ಜಾಗ ಒಂದಿದೆ, ಅಮಿಗ್ಡಲಾ. ಸಿಟ್ಟಿನ ಮುಖ, ಹೆದರಿಸುವ ಮುಖ ತೋರಿಸಿದರು. ನಮ್ಮ ನಿಮ್ಮ ಮಿದುಳು ಅಲ್ಲಿ ಧಗ್ ಎನ್ನುತ್ತದೆ. ಅವರದು? ಹೆಚ್ಚುಕಡಿಮೆ ಶಾಂತ!

ಹಾಗಾದರೆ ಭಯವೇ ಇಲ್ಲವೇ? ನಿಲ್ಲಿ! ಬೆಂಕಿ, ಅಪಘಾತದಂಥ ಮನುಷ್ಯರಿಲ್ಲದ ದೃಶ್ಯ ತೋರಿಸಿದಾಗ ಅದೇ ಜಾಗ ನಮ್ಮೆಲ್ಲರಿಗಿಂತ ಜೋರಾಗಿ ಹೊತ್ತಿಕೊಂಡಿತು! ಮನುಷ್ಯರ ಭಯವಿಲ್ಲ, ಉಳಿದದ್ದರ ಭಯವೆಲ್ಲ ಇದೆ. ನಗುನಗುತ್ತ ಎಲ್ಲರನ್ನೂ ಮಾತಾಡಿಸುವ ಮಗು ರಾತ್ರಿ "ನಾಳೆ ಗುಡುಗು ಬರುತ್ತಾ? ಬಸ್ಸು ಬರದಿದ್ರೆ?" ಎಂದು ಇಪ್ಪತ್ತು ಸಲ ಕೇಳುವುದು ಇದಕ್ಕೇ. ಆತಂಕ ಈ ಮಕ್ಕಳ ದೊಡ್ಡ ಹೊರೆ. ನಗುವಿನ ಹಿಂದೆ ಅದು ಅಡಗಿಬಿಡುತ್ತದೆ.

2010ರ ಸಂಗತಿ ಕೇಳಿ. ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ ಕೆಲಸ ಮಾಡುವ ವಿಜ್ಞಾನಿಗಳು ಬಿಳಿಯ ಮಕ್ಕಳಿಗೆ ಚಿತ್ರ ತೋರಿಸಿ ಕತೆ ಹೇಳಿದರು. ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು. ಯಾರು ಯಾರು? ಚಿತ್ರದಲ್ಲಿ ಒಬ್ಬನ ಚರ್ಮ ಬಿಳಿ, ಇನ್ನೊಬ್ಬನದು ಕಪ್ಪು. ಮೂರು ವರ್ಷದ ಹೊತ್ತಿಗೇ ಮಕ್ಕಳು ತಮ್ಮ ಬಣ್ಣದವರ ಕಡೆ ವಾಲುತ್ತಾರೆಂದು ಅದುವರೆಗಿನ ಅಧ್ಯಯನಗಳೆಲ್ಲ ಹೇಳಿದ್ದವು. ವಿಲಿಯಮ್ಸ್ ಮಕ್ಕಳು? ಬಣ್ಣದ ಭೇದದ ಸುಳಿವೇ ಇಲ್ಲ! ಹುಡುಗ ಹುಡುಗಿ ಎಂಬ ಭೇದ ಎಲ್ಲರಷ್ಟೇ ಇತ್ತು, ಬಣ್ಣದ್ದು ಇರಲಿಲ್ಲ. ಅಂಥ ಮಕ್ಕಳ ಗುಂಪನ್ನು ವಿಜ್ಞಾನ ಕಂಡದ್ದು ಅದೇ ಮೊದಲು!

ಯಾರ ಮನೆ ಜಗಲಿ ಯಾರು ಹತ್ತಬಹುದು ಎಂದು ಇನ್ನೂ ಲೆಕ್ಕ ಇಟ್ಟಿರುವ ನಮ್ಮ ಊರುಗಳಲ್ಲಿ ಕೂತು ಇದನ್ನು ಓದಿದೆ. ಸುಮಾರು ಹೊತ್ತು ಮುಂದಿನ ಪುಟ ತಿರುಗಿಸಲಿಲ್ಲ.

ನಾಯಿಗೂ ಇದಕ್ಕೂ ಏನು ಸಂಬಂಧ? ಹೇಳಿ ನೋಡೋಣ! 2017ರಲ್ಲಿ ಬ್ರಿಜೆಟ್ ವಾನ್‌ಹೋಲ್ಟ್ ಎಂಬ ವಿಜ್ಞಾನಿಯ ತಂಡ ನಾಯಿ ಮತ್ತು ತೋಳಗಳ ಡಿಎನ್‌ಎ ಹೋಲಿಸಿತು. ತೋಳ ಮನುಷ್ಯನಿಂದ ದೂರ. ನಾಯಿ ಬಾಲ ಆಡಿಸುತ್ತ ಬರುತ್ತದೆ. ಯಾಕೆ? ವ್ಯತ್ಯಾಸ ಸಿಕ್ಕ ಜಾಗ ಯಾವುದು ಗೊತ್ತೇ? ನಮ್ಮಲ್ಲಿ ವಿಲಿಯಮ್ಸ್ ಚೂರು ಇರುವ ಅದೇ ಜಾಗ! ಅದೇ ಜೀನುಗಳ ಸಾಲು! ಮಕ್ಕಳನ್ನು ಪ್ರಾಣಿಗೆ ಹೋಲಿಸುವ ಮಾತಲ್ಲ ಇದು, ಯಾರೂ ಹಾಗೆ ತಿಳಿಯಬಾರದು. ಸ್ನೇಹವೆಂಬ ಗುಣಕ್ಕೆ ಒಂದು ವಿಳಾಸವಿದೆ, ಆ ವಿಳಾಸ ಮನುಷ್ಯನಿಗಿಂತ ಹಳೆಯದು ಎನ್ನುವುದೇ ನನಗೆ ಮೈ ಜುಮ್ಮೆನಿಸುವ ಸಂಗತಿ.

ಈ ಚೂರು ಕಳೆಯುವುದಾದರೂ ಹೇಗೆ? ನಮ್ಮೂರಲ್ಲಿ ಕೇಳಿದರೆ ಉತ್ತರ ಸಿದ್ಧವಿದೆ. "ಗ್ರಹಣದಲ್ಲಿ ಹೊರಗೆ ಬಂದಿದ್ಲು." "ಅಕ್ಕನ ಮಗಳನ್ನೇ ತಂದ್ಕೊಂಡ್ನಲ್ಲ, ಅದಕ್ಕೆ." "ಸೊಸೆ ತವರಿನ ದೋಷ."

ಮೂರೂ ಸುಳ್ಳು!

ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆ ಹೆಚ್ಚು ನಿಜ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ತೆಗೆದಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ಸೋದರಮಾವನೋ ಸೋದರತ್ತೆಯ ಮಗನೋ ಹೀಗೆ ಒಳಗೇ ಆದದ್ದು. ಅದರಿಂದ ಬರುವ ಕಾಯಿಲೆಗಳು ಬೇರೆ ಇವೆ, ಎಚ್ಚರ ಬೇಕು. ಆದರೆ ವಿಲಿಯಮ್ಸ್ ಆ ಪಟ್ಟಿಯಲ್ಲಿಲ್ಲ! ದೂರದ ಸಂಬಂಧವಾದರೂ ಬರುತ್ತದೆ. ನಾರ್ವೆಯಲ್ಲೂ ಬರುತ್ತದೆ, ನಾಗಮಂಗಲದಲ್ಲೂ ಬರುತ್ತದೆ.

ನಡೆಯುವುದು ಹೀಗೆ. ಏಳನೇ ಕ್ರೋಮೋಸೋಮಿನಲ್ಲಿ ಆ ಚೂರಿನ ಎರಡೂ ಬದಿಗೆ ಒಂದೇ ರೀತಿಯ ಅಕ್ಷರಗಳ ಉದ್ದ ಸಾಲುಗಳಿವೆ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಜೋಡಿ ಕ್ರೋಮೋಸೋಮುಗಳು ಪಕ್ಕಪಕ್ಕ ನಿಂತು ತುಂಡು ಬದಲಾಯಿಸಿಕೊಳ್ಳುತ್ತವೆ. ಎಲ್ಲರ ಮೈಯಲ್ಲೂ ನಡೆಯುವ ಕೆಲಸ. ಒಮ್ಮೊಮ್ಮೆ ಈ ಕಡೆಯ ಸಾಲು ಆ ಕಡೆಯದರ ಎದುರು ತಪ್ಪಾಗಿ ನಿಲ್ಲುತ್ತದೆ. ಬದಲಾವಣೆ ಮುಗಿದಾಗ ನಡುವಿನ ಚೂರು ಒಂದರಲ್ಲಿ ಮಾಯ! ಅಪ್ಪನ ಕಡೆಯಿಂದಲೂ ಆಗಬಹುದು, ಅಮ್ಮನ ಕಡೆಯಿಂದಲೂ ಆಗಬಹುದು, ಸರಿಸಮ. ಬಹುಪಾಲು ಮನೆಗಳಲ್ಲಿ ಇದು ಆ ಒಂದು ಮಗುವಿಗೆ ಮಾತ್ರ ಆಗುವಂಥದ್ದು. ಮುಂದಿನ ಮಗುವಿಗೆ ಮತ್ತೆ ಬರುವುದು ತೀರ ಅಪರೂಪ. ಯಾರ ತಪ್ಪೂ ಇಲ್ಲ. ಸೊಸೆಯದಂತೂ ಅಲ್ಲವೇ ಅಲ್ಲ!

ಒಂದರಲ್ಲಿ ಮಾಯವಾಯಿತು ಎಂದೆ. ಹಾಗಾದರೆ ಆ ಚೂರು ಎಲ್ಲಿ ಹೋಯಿತು? ಯೋಚಿಸಿ!

ಎದುರಿಗಿದ್ದ ಇನ್ನೊಂದಕ್ಕೆ ಸೇರಿತು! ಅಂದರೆ ಆ ಚೂರು ಒಂದು ಹೆಚ್ಚಾಗಿ ಹುಟ್ಟುವ ಮಕ್ಕಳೂ ಇದ್ದಾರೆ. 2005ರಲ್ಲಿ ಅಂಥ ಮಗುವಿನ ವರದಿ ಮೊದಲ ಸಲ ಬಂತು. ಆ ಮಗು ಹೇಗಿತ್ತು? ಮಾತೇ ಬಾರದು! ಮುಂದೆ ಸಿಕ್ಕ ಮಕ್ಕಳಲ್ಲೂ ಹಲವರಿಗೆ ಅಮ್ಮನನ್ನು ಬಿಟ್ಟರೆ ಅಳು, ಹೊರಗಿನವರನ್ನು ಕಂಡರೆ ಅಂಜಿಕೆ. ಚೂರು ಕಳೆದರೆ ಊರೆಲ್ಲ ನೆಂಟರು. ಅದೇ ಚೂರು ಹೆಚ್ಚಾದರೆ ನೆಂಟರೂ ಅಪರಿಚಿತರು!

ಇನ್ನು ಇಟ್ಟುಕೊಂಡಿರಲಾರೆ, ದೊಡ್ಡ ಪ್ರಶ್ನೆ ಕೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಈ ಮೂರು ತಾಲ್ಲೂಕುಗಳಲ್ಲಿ ವಿಲಿಯಮ್ಸ್ ಇರುವವರು ಎಷ್ಟು ಮಂದಿ ಇರಬಹುದು? ಒಬ್ಬರು? ಇಬ್ಬರು? ಯಾರೂ ಇಲ್ಲ?

ಲೆಕ್ಕ ಹಾಕೋಣ. ನಾರ್ವೆಯಲ್ಲಿ ಎಣಿಸಿದಾಗ 7,500 ಮಕ್ಕಳಿಗೆ ಒಬ್ಬರು ಸಿಕ್ಕರು. 10,000ಕ್ಕೆ ಒಬ್ಬರು ಎಂಬ ಅಂದಾಜೂ ಇದೆ. 2011ರ ಜನಗಣತಿಯಂತೆ ಮೂರೂ ತಾಲ್ಲೂಕು ಸೇರಿ ಸುಮಾರು 6 ಲಕ್ಷ ಜನ. ಭಾಗಿಸಿ!

60ರಿಂದ 80!

ಹುಟ್ಟಿದವರೆಲ್ಲ ಬದುಕಿ ಉಳಿದಿರಲಾರರು, ಹೃದಯದ ತೊಂದರೆ ಅಷ್ಟು ದೊಡ್ಡದು. ಅರ್ಧಕ್ಕೆ ಇಳಿಸಿ ಎಣಿಸಿದರೂ ಒಂದು ಬಸ್ಸು ತುಂಬುವಷ್ಟು ಜನ. ಅವರಲ್ಲಿ ತನಗಿರುವುದರ ಹೆಸರು ಗೊತ್ತಿರುವವರು ತೀರ ಕಡಿಮೆ ಇರಬೇಕು ಎಂದು ನನ್ನ ಅನಿಸಿಕೆ. ತೋಟದ ಮನೆಯಲ್ಲಿ, ಕೊಬ್ಬರಿ ಅಂಗಡಿಯ ಮುಂದೆ, ಅಂಗನವಾಡಿಯಲ್ಲಿ, ದೇವಸ್ಥಾನದ ಭಜನೆಯ ಸಾಲಿನಲ್ಲಿ ಕೂತಿರಬಹುದು. ಮೂವತ್ತಕ್ಕೇ ಕೂದಲು ನೆರೆತಿರಬಹುದು. ಹೌದು, ಅದೂ ಒಂದು ಗುರುತು!

ಪತ್ತೆ ಹೇಗೆ? ಕ್ರೋಮೋಸೋಮುಗಳನ್ನು ಸಾಲಾಗಿಟ್ಟು ನೋಡುವ ಹಳೆಯ ಪರೀಕ್ಷೆಗೆ ಇದು ಸಿಗುವುದಿಲ್ಲ. ಸುಮಾರು 50 ಲಕ್ಷ ಅಕ್ಷರಕ್ಕಿಂತ ಚಿಕ್ಕ ನಷ್ಟ ಅದಕ್ಕೆ ಕಾಣದು. ವರದಿ "ನಾರ್ಮಲ್" ಎಂದು ಬರುತ್ತದೆ!

ಬೇಕಾದದ್ದು ಫಿಶ್ ಎಂಬ ಪರೀಕ್ಷೆ. ಹತ್ತಿರದಿಂದ ನೋಡಿ, ಎಷ್ಟು ಚೆಂದ! ತೋಳಿನಿಂದ ಎರಡು ಮೂರು ಮಿಲಿಲೀಟರ್ ರಕ್ತ. ಬಿಳಿ ರಕ್ತಕಣಗಳನ್ನು ಮೂರು ದಿನ ಬೆಚ್ಚಗಿಟ್ಟು ಬೆಳೆಸುತ್ತಾರೆ. ಗಾಜಿನ ಪಟ್ಟಿಯ ಮೇಲೆ ಹನಿ ಬೀಳಿಸುತ್ತಾರೆ. ಇಲಾಸ್ಟಿನ್ ಜೀನನ್ನೇ ಹುಡುಕಿ ಅಂಟಿಕೊಳ್ಳುವ ಕೆಂಪು ಹೊಳಪಿನ ಡಿಎನ್‌ಎ ತುಣುಕು ಹಾಕುತ್ತಾರೆ. ಏಳನೇ ಕ್ರೋಮೋಸೋಮು ಇದೇ ಎಂದು ಗುರುತಿಸಲು ಇನ್ನೊಂದು ಹಸಿರು. ಕೋಣೆ ಕತ್ತಲು. ಕಣ್ಣು ಸೂಕ್ಷ್ಮದರ್ಶಕಕ್ಕೆ. ನೀಲಿ ಕೋಶದೊಳಗೆ ಚುಕ್ಕಿಗಳು ಹೊಳೆಯುತ್ತವೆ. ಹಸಿರು ಎರಡು. ಕೆಂಪು? ಎರಡಿರಬೇಕಿತ್ತು.

ಒಂದೇ!

ಇಡೀ ಬದುಕಿನ ಪ್ರಶ್ನೆಗಳಿಗೆ ಉತ್ತರ ಆ ಇಲ್ಲದ ಚುಕ್ಕಿ! ಮೈಕ್ರೋಅರೇ ಎಂಬ ಇನ್ನೂ ಸೂಕ್ಷ್ಮ ಪರೀಕ್ಷೆ ಆ ಚೂರಿನ ಅಳತೆಯನ್ನೂ ಹೇಳುತ್ತದೆ.

ಇದಕ್ಕೆ ದೇಶ ಬಿಟ್ಟು ಹೋಗಬೇಕಿಲ್ಲ. ಬೆಂಗಳೂರಿನಲ್ಲೇ ಕರ್ನಾಟಕ ಸರ್ಕಾರದ ನೆರವಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ತಳಿವಿಜ್ಞಾನಿ ಎಚ್. ಶರತ್ ಚಂದ್ರ ಕಟ್ಟಿದ ಸಂಸ್ಥೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಇದನ್ನೂ ಇಂದಿರಾ ಗಾಂಧಿ ಆಸ್ಪತ್ರೆಯನ್ನೂ ಸೇರಿಸಿ ಉತ್ಕೃಷ್ಟತಾ ಕೇಂದ್ರವೆಂದು ಹೆಸರಿಸಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಹೃದಯ ನೋಡಿಸಲು ಜಯದೇವ ಸಂಸ್ಥೆ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ?

ಇನ್ನೂ ಹತ್ತಿರದ ದಾರಿಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುವುದೇ ಅವರ ಕೆಲಸ. ಆ ದಿನ ಈ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮುಂದೆ ಕೂರಿಸಿ!

ಕಳೆದ ಚೂರನ್ನು ಮತ್ತೆ ಜೋಡಿಸುವ ಮದ್ದು ಇಲ್ಲ. ಆದರೆ ಮಾಡಬಹುದಾದದ್ದು ಎಷ್ಟೊಂದಿದೆ! ಎಕೋ ಮಾಡಿಸಿ ಮಹಾಪಧಮನಿ ಎಷ್ಟು ಬಿಗಿದಿದೆ ನೋಡಬಹುದು, ತೀರ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಗಲ ಮಾಡಬಹುದು. ಬಿಪಿಯನ್ನು ಎರಡೂ ತೋಳಿನಲ್ಲಿ ಅಳೆಯಬೇಕು. ಮಕ್ಕಳಲ್ಲೂ ಅದು ಏರುತ್ತದೆ. ಕ್ಯಾಲ್ಸಿಯಂ, ಥೈರಾಯ್ಡ್, ಮೂತ್ರಪಿಂಡ, ಕಣ್ಣು ನೋಡಿಸಬೇಕು. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಮೇಲೂ ಕಣ್ಣಿಡಬೇಕು. ಮಗ್ಗಿ ಬಾಯಿಗೆ ಬರುತ್ತಿಲ್ಲವೇ? ರಾಗ ಹಾಕಿ ಹೇಳಿಕೊಡಿ, ಬರುವ ಸಾಧ್ಯತೆ ಹೆಚ್ಚು! ಯಾರ ಜೊತೆಗಾದರೂ ಹೊರಟುಬಿಡುವ ಮಗುವಿಗೆ ಯಾರ ಜೊತೆ ಹೋಗಬಾರದು ಎಂಬುದನ್ನು ಪಾಠದ ಹಾಗೆ ದಿನವೂ ಕಲಿಸಬೇಕು. ಅದು ತಾನಾಗಿ ಬರುವುದಿಲ್ಲ.

ಇನ್ನೊಂದೇ ಮಾತು, ಇದು ಪ್ರಾಣದ ಮಾತು. ಈ ಮಕ್ಕಳಿಗೆ ಅರಿವಳಿಕೆ ಅಪಾಯ ತರಬಲ್ಲದು. ಹರ್ನಿಯಾ ಆಪರೇಷನ್ನಿರಲಿ, ಹಲ್ಲು ಕೀಳುವುದಿರಲಿ, ಪ್ರಜ್ಞೆ ತಪ್ಪಿಸುವ ಮೊದಲು ಹೃದಯ ಪರೀಕ್ಷೆ ಆಗಿರಲೇಬೇಕು, ಹೃದಯದ ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ವೈದ್ಯರೇ ಇರಬೇಕು. ಫಿಶ್ ವರದಿಯ ಒಂದು ಜೆರಾಕ್ಸ್ ಪ್ರತಿಯನ್ನು ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ಮೇಜಿನ ಮೇಲಿಡಿ!